ಗೋಡೆ ರಿಪೇರಿ ಮಾಡಿಸಬಹುದು, ಕಾಗದ ಯಾರು ರಿಪೇರಿ ಮಾಡ್ತಾರೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನೋ ಗಾದೆಯಲ್ಲಿ ಮನೆ ಕೊಂಡು ನೋಡು ಅನ್ನೋ ಮಾತೇ ಇಲ್ಲ. ಹಳ್ಳಿಯಲ್ಲಿ ಮನೆಯನ್ನು ಕಟ್ಟುತ್ತಿದ್ದರು, ಇಲ್ಲವೇ ಅದು ಪಾಲಿಗೆ ಬರುತ್ತಿತ್ತು. ಈಗ ಹಾಗಿಲ್ಲ. ಊರು ಬಿಟ್ಟವರ ಬೀಗ ಹಾಕಿದ ಮನೆ ಮಾರಾಟಕ್ಕಿದೆ, ಊರಲ್ಲಿ ಒಂದು ಸೂರು ಬೇಕು ಅನ್ನೋರೂ ಇದ್ದಾರೆ. ಬೆಲೆಯೂ ನಂಬಲಾಗದಷ್ಟು ಕಡಿಮೆ. ಬೆಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರಿಗೆ ಕೊಡುವ ದುಡ್ಡಿಗೆ ಎಚ್.ಡಿ. ಕೋಟೆ ಸೀಮೆಯಲ್ಲಿ ಹಿತ್ತಿಲು ಸಮೇತ ಹೆಂಚಿನ ಮನೆಯ ಮಾತುಕತೆಗೆ ಕೂರಬಹುದು.

ಅಂಥದ್ದೇ ಒಂದು ಮನೆ ನನ್ನ ಗೆಳೆಯನೊಬ್ಬನಿಗೆ ಎನ್. ಬೇಗೂರಿನಲ್ಲಿ ಸಿಕ್ಕಿದೆ. ಅವನು ಅದೇ ಸೀಮೆಯವನು, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ಮಾಲೀಕರು ಕೇಳಿರುವುದು ಮೂರೂವರೆ ಲಕ್ಷ. ಮನೆಗೆ ರಿಪೇರಿ ಬೇಕು: ಹೆಂಚು ಜಾರಿದೆ, ಒಂದು ಮೂಲೆಯ ಗೋಡೆ ಬಿರುಕು ಬಿಟ್ಟಿದೆ. ನಾನು ಎಂಜಿನಿಯರಿಂಗ್ ಓದಿದ್ದೇನೆ ಅನ್ನೋ ಕಾರಣಕ್ಕೆ ಫೋಟೋ ಕಳಿಸಿ, 'ಗೋಡೆ ನಿಲ್ಲುತ್ತಾ ನೋಡಿ ಹೇಳು ಮಗಾ' ಅಂದ. ಗೋಡೆ ನಿಲ್ಲುತ್ತೆ. ಆದರೆ ಈ ಮನೆ ಅಗ್ಗವಾಗಿರುವುದು ಗೋಡೆಯ ಬಿರುಕಿನಿಂದ ಅಲ್ಲ ಅನ್ನೋದು ನನ್ನ ವಾದ. ಬಿರುಕು ಇರುವುದು ದಾಖಲೆಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನ ವೇಳಾಪಟ್ಟಿಯಲ್ಲಿ, ಸರ್ಕಾರದ ವಸತಿ ನೀತಿಯಲ್ಲಿ.

ಮೊದಲು ಗೋಡೆಯ ಮಾತು

ಹಳೇ ಮಣ್ಣಿನ ಗೋಡೆ ವಯಸ್ಸಾಗಿ ಬೀಳೋದಿಲ್ಲ, ನೀರಿನಿಂದ ಬೀಳುತ್ತೆ. ಮೇಲೆ ಹೆಂಚು ಒಡೆದು ಸೋರುವ ನೀರು, ಕೆಳಗೆ ತಳಪಾಯದಿಂದ ಏರುವ ಥಂಡಿ. ಇವೆರಡನ್ನೂ ತಡೆದರೆ ಮಣ್ಣಿನ ಗೋಡೆ ಎಷ್ಟೋ ವರ್ಷ ನಿಲ್ಲುತ್ತೆ. ಹಾಗಾಗಿ ಹಳೇ ಮನೆ ನೋಡಲು ಹೋದವರು ಮೊದಲು ತಲೆ ಎತ್ತಬೇಕು. ತೊಲೆ, ಜಂತೆಗಳ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಗೆದ್ದಲು ಹಿಡಿದಿದೆಯಾ ಅಂತ ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಆಮೇಲೆ ಗೋಡೆಯ ಬುಡ ನೋಡಬೇಕು.

ರಿಪೇರಿಯಲ್ಲಿ ಜನ ಸಾಮಾನ್ಯವಾಗಿ ಮಾಡೋದು ಎರಡು ಕೆಲಸ, ಎರಡೂ ಅಪಾಯ. ಒಂದು, ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್. ಸಿಮೆಂಟು ಗೋಡೆಯೊಳಗಿನ ತೇವ ಹೊರಗೆ ಹೋಗಲು ಬಿಡೋದಿಲ್ಲ. ಹೊರಗಿಂದ ಮಿರಮಿರ ಮಿಂಚುವ ಗೋಡೆ ಒಳಗೇ ಮೆತ್ತಗಾಗುತ್ತಾ ಹೋಗುತ್ತೆ. ಅಲ್ಲಿ ಬೇಕಿರೋದು ಸುಣ್ಣದ ಅಥವಾ ಮಣ್ಣಿನ ಗಾರೆ. ಎರಡನೆಯದು, ಹೆಂಚು ತೆಗೆದು ಮೋಲ್ಡ್ ಹಾಕಿಸೋದು. ಮಂಗಳೂರು ಹೆಂಚಿನ ಚಾವಣಿ ರೀಪು ಸಮೇತ ಒಂದು ಚದರ ಮೀಟರ್‌ಗೆ ಸುಮಾರು 65 ಕೆ.ಜಿ. ತೂಗುತ್ತೆ. ಐದಿಂಚಿನ ಕಾಂಕ್ರೀಟ್ ಮೋಲ್ಡ್ ಅದೇ ಜಾಗದಲ್ಲಿ 300 ಕೆ.ಜಿ. ಮೀರುತ್ತೆ. ಮೊದಲಿನದ್ದನ್ನು ಹೊರಲು ಕಟ್ಟಿದ ಗೋಡೆಯ ತಲೆ ಮೇಲೆ ಎರಡನೆಯದನ್ನು ಕೂರಿಸಬಾರದು.

ಇದೆಲ್ಲ ಗೊತ್ತಿರುವ ವಿದ್ಯೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ 'ಅಸ್ತ್ರ' ಅನ್ನೋ ವಿಭಾಗ ಶುರುವಾದದ್ದು 1974ರಲ್ಲಿ. ಮಣ್ಣಿನ ಇಟ್ಟಿಗೆಯ ಮೇಲೆ ಅಲ್ಲಿ ದಶಕಗಟ್ಟಲೆ ಕೆಲಸ ನಡೆದಿದೆ. ಅಂದ್ರೆ ಗೋಡೆಯ ಸಮಸ್ಯೆಗೆ ಒಬ್ಬ ಒಳ್ಳೇ ಮೇಸ್ತ್ರಿ, ಒಂದು ಬೇಸಿಗೆ, ಲೆಕ್ಕ ಹಾಕಬಹುದಾದಷ್ಟು ದುಡ್ಡು ಸಾಕು. ಮುಂದಿನ ಸಮಸ್ಯೆಗಳಿಗೆ ಹಾಗೆ ಲೆಕ್ಕ ಹಾಕಲು ಬರೋದಿಲ್ಲ.

ಮನೆ ಯಾರ ಹೆಸರಲ್ಲಿದೆ?

'ಕಂದಾಯ ಕಟ್ಟಿರೋ ರಸೀದಿ ಐತಲ್ಲ, ಇನ್ನೇನು ಬೇಕು?' ಹಳ್ಳಿ ಮನೆ ವ್ಯಾಪಾರದಲ್ಲಿ ಮೊದಲು ಕೇಳಿಬರುವ ಮಾತು ಇದು. ಪಂಚಾಯಿತಿಗೆ ಕಂದಾಯ ಕಟ್ಟಿದ ರಸೀದಿ ಅಂದ್ರೆ ಕಂದಾಯ ಕಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ. ಅದು ಹಕ್ಕಿನ ಪತ್ರ ಅಲ್ಲ.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನ ಮಾರಲು ಇವತ್ತು ಬೇಕಿರೋದು ಇ-ಸ್ವತ್ತು. ಗ್ರಾಮಠಾಣದೊಳಗಿನ ಸ್ವತ್ತು, ಭೂಪರಿವರ್ತನೆಯಾದ ಬಡಾವಣೆ, ಸರ್ಕಾರಿ ವಸತಿ ಯೋಜನೆಯ ನಿವೇಶನ ಆದರೆ ನಮೂನೆ 9 ಮತ್ತು 11ಎ. ಆ ಚೌಕಟ್ಟಿಗೆ ಬಾರದ್ದು 11ಬಿ. ಇ-ಸ್ವತ್ತು ಆಗದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೈಲು ಮುಂದಕ್ಕೆ ಹೋಗೋದಿಲ್ಲ. ನೋಂದಣಿ ಆಗದೆ ಮನೆ ನಿಮ್ಮದಾಗೋದಿಲ್ಲ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಣಿ ಆಗಲೇಬೇಕು ಅನ್ನೋದು ಬ್ರಿಟಿಷರ ಕಾಲದಿಂದ ಬಂದ ಕಾನೂನು. ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡು, ಜಿಪಿಎ ಹಾಕಿಸಿಕೊಂಡು 'ಮನೆ ತಗೊಂಡೆ' ಅನ್ನೋರಿಗೆ 2011ರಲ್ಲೇ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ: ಜಿಪಿಎ ಮೂಲಕ ಮಾಲೀಕತ್ವ ಬದಲಾಗೋದಿಲ್ಲ.

ಗೆಳೆಯ ನೋಡಿರುವ ಮನೆ ಇನ್ನೂ ಮಾಲೀಕರ ತಾತನ ಹೆಸರಲ್ಲಿದೆ. ತಾತ ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಪೌತಿ ಖಾತೆ ಮಾಡಿಸಿಲ್ಲ. ಈಗ ಮನೆ ಮಾರುವುದಕ್ಕೆ ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಸಹಿ ಬೇಕು. ಮದುವೆಯಾಗಿ ಪಿರಿಯಾಪಟ್ಟಣಕ್ಕೋ ಕೊಡಗಿಗೋ ಹೋದ ಹೆಣ್ಣುಮಕ್ಕಳ ಸಹಿಯೂ ಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು ಅದನ್ನು ಖಚಿತಗೊಳಿಸಿದ 2020ರ ವಿನೀತಾ ಶರ್ಮಾ ತೀರ್ಪಿನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. 'ಅವರೇನೂ ಕೇಳಲ್ಲ ಬಿಡಿ' ಅನ್ನೋ ಭರವಸೆ ಮೇಲೆ ಮನೆ ಕೊಳ್ಳೋದು ಅಂದ್ರೆ, ಅಕ್ಕತಂಗಿಯರ ಪಾಲಿನಲ್ಲೂ ರಿಯಾಯಿತಿ ಕೇಳಿದ ಹಾಗೆ.

ಮನೆ ಗ್ರಾಮಠಾಣದ ಆಚೆ, ಸರ್ಕಾರ ಮಂಜೂರು ಮಾಡಿದ ಜಮೀನಿನ ಮೇಲಿದ್ದರೆ ಪ್ರಶ್ನೆ ಇನ್ನೂ ದೊಡ್ಡದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ ಅನ್ನುತ್ತೆ 1978ರ ಪಿಟಿಸಿಎಲ್ ಕಾಯ್ದೆ. ಮಾರಿದರೆ ಆ ಕ್ರಯವೇ ಅನೂರ್ಜಿತ, ಜಮೀನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ವಾಪಸ್. ತಡವಾಗಿ ಬಂದ ಅರ್ಜಿಗಳನ್ನು ಕೋರ್ಟುಗಳು ತಳ್ಳಿಹಾಕತೊಡಗಿದ ಮೇಲೆ, 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಹಾಡಿಗಳ ಸೀಮೆ. ಇಲ್ಲಿ ಈ ಪ್ರಶ್ನೆ ಕೇಳದೆ ಮುಂಗಡ ಕೊಡೋದು ತಪ್ಪು. ಈ ಕಾಯ್ದೆಯನ್ನು 'ಕಿರಿಕಿರಿ' ಅನ್ನೋರು ಒಂದು ಮಾತು ನೆನಪಿಡಬೇಕು: ಕಷ್ಟದಲ್ಲಿರೋರ ಭೂಮಿಯನ್ನು ಬಿಡಿಗಾಸಿಗೆ ಬರೆಸಿಕೊಳ್ಳೋರು ಇದ್ದರು ಅಂತಲೇ ಅದು ಹುಟ್ಟಿದ್ದು. 'ತುಂಬಾ ಅಗ್ಗಕ್ಕೆ ಸಿಕ್ತು' ಅನ್ನೋ ಮಾತೇ ಅಲ್ಲಿ ಅಪರಾಧದ ಮೊದಲ ಸುಳಿವು.

ಆಶ್ರಯ ಮನೆಗಳಿಗೂ ಹೀಗೇ. ಹಕ್ಕುಪತ್ರದಲ್ಲಿ ಪರಭಾರೆ ನಿಷೇಧದ ಷರತ್ತು ಏನಿದೆ, ಅವಧಿ ಮುಗಿದಿದೆಯಾ ಅಂತ ಓದಬೇಕು. ಓದುವ ತನಕ ಅದು ಮಾರಾಟಕ್ಕಿರುವ ಮನೆಯೇ ಅಲ್ಲ.

ಸಾಲ ಯಾರಿಗೆ ಸಿಗುತ್ತೆ

ಈಗ ದುಡ್ಡಿನ ಕಡೆ ಬನ್ನಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹ ಸಾಲದಲ್ಲಿ ಮನೆ ಬೆಲೆಯ ಶೇ 90ರಷ್ಟನ್ನು ಬ್ಯಾಂಕ್ ಕೊಡಬಹುದು. ಮೈಸೂರಿನಲ್ಲಿ 30 ಲಕ್ಷದ ಫ್ಲ್ಯಾಟ್ ಕೊಳ್ಳೋನು ಕೈಯಿಂದ ಹಾಕಬೇಕಿರೋದು ಮೂರು ಲಕ್ಷದ ಆಸುಪಾಸು. ಎನ್. ಬೇಗೂರಿನಲ್ಲಿ ಮೂರೂವರೆ ಲಕ್ಷದ ಮನೆ ಕೊಳ್ಳೋನು ಹಾಕಬೇಕಿರೋದು ಪೂರ್ತಿ ಮೂರೂವರೆ ಲಕ್ಷ, ಯಾಕಂದ್ರೆ ಕಾಗದ ಇಲ್ಲದ ಹಳೇ ಹೆಂಚಿನ ಮನೆಯನ್ನು ಅಡಮಾನ ಇಟ್ಟುಕೊಳ್ಳಲು ಬ್ಯಾಂಕ್ ಬರೋದಿಲ್ಲ. ಅಂದ್ರೆ 'ಅತಿ ಅಗ್ಗದ' ಮನೆ ಮತ್ತು 'ದುಬಾರಿ' ಫ್ಲ್ಯಾಟಿಗೆ ಮೊದಲ ದಿನ ಕೈಯಿಂದ ಹೋಗುವ ದುಡ್ಡು ಹೆಚ್ಚುಕಡಿಮೆ ಒಂದೇ. ಫ್ಲ್ಯಾಟಿನವನಿಗೆ ಮುಂದೆ ಕಂತು ಇದೆ ನಿಜ, ಜೊತೆಗೆ ಮತ್ತೆ ಮಾರಬಹುದಾದ, ಅಡ ಇಡಬಹುದಾದ ಆಸ್ತಿಯೂ ಇದೆ. ಹಳ್ಳಿ ಮನೆಯವನಿಗೆ ರಿಪೇರಿ ಇದೆ, ಅದಕ್ಕೂ ಕೈಸಾಲವೇ ಗತಿ.

ನೋಂದಣಿ ಖರ್ಚೂ ಏರಿದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಹೋಯ್ತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಬೇರೆ. ಅದೂ ನೀವು ಕೊಟ್ಟ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆಯಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಮೂರೂವರೆ ಲಕ್ಷಕ್ಕೆ ಇದು ದೊಡ್ಡ ಮೊತ್ತ ಅಲ್ಲ ಅನಿಸಬಹುದು. ಆದರೆ ಗುತ್ತಿಗೆ ಕೆಲಸಗಾರನೊಬ್ಬ 'ಬರೀ ಕರಾರು ಸಾಕು, ರಿಜಿಸ್ಟರ್ ಆಮೇಲೆ ನೋಡೋಣ' ಅಂತ ಮುಂದೂಡಲು ಇಷ್ಟೇ ಸಾಕು. ಮುಂದೂಡಿದ ಆ ನೋಂದಣಿಯಿಂದಲೇ ಮುಂದಿನ ತಲೆಮಾರಿನ ವ್ಯಾಜ್ಯ ಹುಟ್ಟೋದು.

ಊರಿನ ಬೆಲೆ

ಮನೆಯ ಬೆಲೆಯಲ್ಲಿ ಊರಿನ ಬೆಲೆಯೂ ಸೇರಿರುತ್ತೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವು ಅಂತ ಗುರುತಿಸಿದ 114 ತಾಲ್ಲೂಕುಗಳಲ್ಲಿ ಎಚ್.ಡಿ. ಕೋಟೆಯೂ ಒಂದು. ಹತ್ತಿ, ಹೊಗೆಸೊಪ್ಪು ಕೈಕೊಟ್ಟ ವರ್ಷ ಜನ ಕೊಡಗಿನ ಕಾಫಿ ತೋಟಕ್ಕೋ ಕೇರಳದ ಶುಂಠಿ ಹೊಲಕ್ಕೋ ಹೋಗುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ. ಒಳ್ಳೇದೇ. ಆದರೆ ಹಳ್ಳಿಯಲ್ಲಿ ಮನೆ ಕೊಳ್ಳೋರು ಕೇಳಬೇಕಾದ್ದು ಟಿಕೆಟ್ ಎಷ್ಟು ಅಂತ ಅಲ್ಲ, ಕೊನೇ ಬಸ್ ಎಷ್ಟು ಗಂಟೆಗೆ ಅಂತ. ಪಾಳಿ ಕೆಲಸ ಮುಗಿಸಿ ಬರೋನಿಗೆ ಆ ಬಸ್ ಸಿಗಲ್ಲ ಅಂದ್ರೆ ಅವನು ಊರಲ್ಲಿ ಮನೆಯನ್ನೂ ನಂಜನಗೂಡಲ್ಲಿ ಬಾಡಿಗೆ ರೂಮನ್ನೂ ಎರಡನ್ನೂ ಸಾಕಬೇಕು.

ಕಾಡಿನ ಮಾತೂ ಇದೆ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ಅರಣ್ಯ ವಲಯಕ್ಕೆ ಎನ್. ಬೇಗೂರಿನದ್ದೇ ಹೆಸರು. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಬಂದಿದೆ. ಅದರ ಗಡಿಯೊಳಗೆ ಹೊಸ ರೆಸಾರ್ಟು, ಹೋಟೆಲುಗಳಿಗೆ ಕಡಿವಾಣ ಇದೆ. 'ಕಬಿನಿ ಹತ್ರ ಹಳೇ ಮನೆ ತಗೊಂಡು ಹೋಂಸ್ಟೇ ಮಾಡೋಣ' ಅಂತ ಲೆಕ್ಕ ಹಾಕುವ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಸರ್ವೆ ನಂಬರ್ ಹಿಡಿದು ಆ ಗಡಿ ಎಲ್ಲಿ ಹಾದಿದೆ ನೋಡಬೇಕು. ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ, 2025ರ ನವೆಂಬರ್ 7ರಂದು ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಅರಣ್ಯ ಸಚಿವರು ಆದೇಶಿಸಿದರು. ಒಂದೇ ಆದೇಶಕ್ಕೆ ಪ್ರವಾಸೋದ್ಯಮದ ಲೆಕ್ಕ ತಲೆಕೆಳಗಾಗುತ್ತೆ. ಪ್ರವಾಸಿಗರಿಗೆ ಅದು ರದ್ದಾದ ಬುಕಿಂಗ್. ಅಲ್ಲೇ ಬದುಕುವವರಿಗೆ ಅದು ಸಂಜೆ ಆರರ ಮೇಲೆ ಹಿತ್ತಿಲಿಗೆ ಹೋಗಬೇಕೋ ಬೇಡವೋ ಅನ್ನೋ ಪ್ರಶ್ನೆ.

ಇನ್ನೊಂದನ್ನು ಯಾವ ಬ್ರೋಕರ್ರೂ ಬಾಯಿಬಿಟ್ಟು ಹೇಳಲ್ಲ: ಮನೆ ಯಾವ ಬೀದಿಯಲ್ಲಿದೆ, ಕೊಳ್ಳೋನು ಯಾವ ಜಾತಿ. ದಲಿತ ಹುಡುಗನೊಬ್ಬ ದುಡ್ಡು ಹಿಡಿದು ಬಂದರೂ ಊರೊಳಗಿನ ಬೀದಿಯಲ್ಲಿ ಖಾಲಿ ಬಿದ್ದ ಮನೆ 'ಮಾರಾಟಕ್ಕಿಲ್ಲ' ಆಗಿಬಿಡಬಹುದು. ಅಗ್ಗದ ಬೆಲೆ ಎಲ್ಲರಿಗೂ ತೆರೆದ ಬೆಲೆ ಅಲ್ಲ.

ಬಿದ್ದರೆ ಪರಿಹಾರ, ನಿಲ್ಲಿಸಿಕೊಳ್ಳಲು ಏನಿಲ್ಲ

ಸರ್ಕಾರದ ಪಾತ್ರ ಏನು? ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗ 2016ರಲ್ಲಿ ಶುರುವಾಯ್ತು. ಬಯಲು ಪ್ರದೇಶದಲ್ಲಿ ಹೊಸ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನ. ಅದಕ್ಕೂ ಮುಂಚಿನ ಇಂದಿರಾ ಆವಾಸ್ ಯೋಜನೆಯಲ್ಲಿ ಹಳೇ ಕಚ್ಚಾ ಮನೆ ಸುಧಾರಿಸಿಕೊಳ್ಳಲು ಅಂತ ಒಂದು ಪಾಲು ಇತ್ತು. ಈಗ ಕೊಡೋದು ಹೊಸದಾಗಿ ಕಟ್ಟಲು ಮಾತ್ರ. ಹಳೇ ಮನೆ ಇದ್ದರೆ ಅದೇ ಅಡ್ಡಿಯಾಗಲೂಬಹುದು. ಚಾವಣಿಯೋ ಗೋಡೆಯೋ 'ಪಕ್ಕಾ' ಅನಿಸಿಕೊಂಡರೆ, ಇಲ್ಲವೇ ಎರಡಕ್ಕಿಂತ ಹೆಚ್ಚು ಕೋಣೆ ಇದ್ದರೆ ಪಟ್ಟಿಯಿಂದ ಹೊರಗೆ.

2019ರ ಆಗಸ್ಟ್ ಮಳೆಯಲ್ಲಿ ಕಬಿನಿ ತುಂಬಿ ಹರಿದದ್ದು, ರಾಜ್ಯದ ಉದ್ದಗಲಕ್ಕೂ ಮನೆಗಳು ಕುಸಿದದ್ದು ನೆನಪಿರಬಹುದು. ಪೂರ್ತಿ ಬಿದ್ದ ಮನೆಗೆ ಆಗ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿತು. ಕೊಡಬೇಕಾದ್ದೇ. ಆದರೆ ಈ ಲೆಕ್ಕದ ವಿಚಿತ್ರ ನೋಡಿ: ಮನೆ ಬಿದ್ದರೆ ಲಕ್ಷಗಟ್ಟಲೆ, ಬೀಳದ ಹಾಗೆ ಹೆಂಚು ಬದಲಿಸಲು, ಬುಡ ಭದ್ರ ಮಾಡಲು ಅಂತ ಒಂದು ನೇರ ಯೋಜನೆ ಇಲ್ಲ. ರಿಪೇರಿ ಅನ್ನೋ ಪದಕ್ಕೆ ನಮ್ಮ ವಸತಿ ನೀತಿಯಲ್ಲಿ ಜಾಗವೇ ಇಲ್ಲ, ಯಾಕಂದ್ರೆ ರಿಪೇರಿ ಮಾಡಿದ ಮನೆ ಮುಂದೆ ನಿಂತು ಕೀಲಿಕೈ ಹಸ್ತಾಂತರದ ಫೋಟೋ ತೆಗೆಸಿಕೊಳ್ಳಲು ಬರಲ್ಲ.

ಬೇರೆ ಕಡೆ ಈ ಸಮಸ್ಯೆಯನ್ನು ಸಾರ್ವಜನಿಕ ಸಮಸ್ಯೆ ಅಂತ ಒಪ್ಪಿಕೊಂಡಿದ್ದಾರೆ. ಇಟಲಿಯ ಸಿಸಿಲಿಯಲ್ಲಿ ಸಂಬುಕಾ ಅನ್ನೋ ಊರು 2019ರಲ್ಲಿ ಹಳೇ ಮನೆಗಳನ್ನು ಒಂದು ಯೂರೋದಿಂದ ಹರಾಜಿಗಿಟ್ಟಿತು. ಮಾರಿದ್ದು ಪುರಸಭೆ. ಷರತ್ತು: 5,000 ಯೂರೋ ಠೇವಣಿ, ಮೂರು ವರ್ಷದೊಳಗೆ ರಿಪೇರಿ. ಜಪಾನಿನಲ್ಲಿ 2023ರ ಸಮೀಕ್ಷೆ ಪ್ರಕಾರ 90 ಲಕ್ಷ ಮನೆ ಖಾಲಿ ಬಿದ್ದಿವೆ, ಒಟ್ಟು ಮನೆಗಳ ಶೇ 13.8. ಅಲ್ಲಿನ ಸ್ಥಳೀಯ ಸಂಸ್ಥೆಗಳು ಖಾಲಿ ಮನೆಗಳ ಪಟ್ಟಿಯನ್ನೇ ಪ್ರಕಟಿಸುತ್ತವೆ. ನಮ್ಮಲ್ಲೂ 2011ರ ಜನಗಣತಿ ದೇಶದಲ್ಲಿ ಸುಮಾರು ಎರಡೂವರೆ ಕೋಟಿ ಖಾಲಿ ಮನೆ, ಕಟ್ಟಡಗಳನ್ನು ಎಣಿಸಿತ್ತು. ಇಟಲಿಯ ಮಾದರಿಯನ್ನು ಎತ್ತಿ ತಂದು ಇಲ್ಲಿ ನೆಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಕೊಳ್ಳೋನು ದಾಖಲೆಗಾಗಿ ತಾತನ ಕಾಲಕ್ಕೆ ಹೋಗಬೇಕಿಲ್ಲ, ಊರಿನ ಆಡಳಿತವೇ ಮುಂದೆ ನಿಂತಿರುತ್ತೆ. ಕಲಿಯಬೇಕಾದ್ದು ಅಷ್ಟನ್ನು.

ಹಾಗಾದರೆ ಕೊಳ್ಳಬೇಕೋ ಬೇಡವೋ?

ಗೆಳೆಯನಿಗೆ ನಾನು ಹೇಳಿದ್ದು ಬೇಡ ಅಂತ ಅಲ್ಲ. ಬಾಡಿಗೆ ರೂಮಿನಲ್ಲಿ ವರ್ಷ ಕಳೆಯುವವನಿಗೆ ತನ್ನ ಸೀಮೆಯಲ್ಲಿ ಒಂದು ಸೂರು ಬೇಕು ಅನಿಸೋದು ಸಹಜ, ಅದು ಅವನ ಹಕ್ಕೂ ಹೌದು. ಹೇಳಿದ್ದು ಕ್ರಮ ಬದಲಿಸು ಅಂತ. ಎಲ್ಲರೂ ಮೊದಲು ಮನೆ ನೋಡಿ, ಬೆಲೆ ಮಾತಾಡಿ, ಮುಂಗಡ ಕೊಟ್ಟು, ಕೊನೆಗೆ ಕಾಗದ ಕೇಳುತ್ತಾರೆ. ನೀನು ಕಾಗದದಿಂದ ಶುರುಮಾಡು. ಋಣಭಾರ ಪತ್ರ ತೆಗೆಸು. ಅದರಲ್ಲಿ ನೋಂದಣಿ ಆದ ವಹಿವಾಟು ಮಾತ್ರ ಕಾಣುತ್ತೆ, ಹಾಗಾಗಿ ಊರಲ್ಲೂ ವಿಚಾರಿಸು. ಜಾಗ ಗ್ರಾಮಠಾಣದೊಳಗಿದೆಯಾ, ಮಂಜೂರಾದ ಜಮೀನಾ, ಅರಣ್ಯದ ಅಂಚಾ ಅಂತ ಪಂಚಾಯಿತಿ ಮತ್ತು ತಾಲ್ಲೂಕು ಕಚೇರಿಯಲ್ಲಿ ಖಾತರಿ ಮಾಡಿಕೋ. ವಂಶವೃಕ್ಷದಲ್ಲಿರುವ ಎಲ್ಲರ ಜೊತೆ, ಮುಖ್ಯವಾಗಿ ಹೆಣ್ಣುಮಕ್ಕಳ ಜೊತೆ ಮಾತಾಡು. ಆಮೇಲೆ ಬಸ್ಸು, ನೀರು, ಕಾಡು. ಕೊನೆಗೆ ಗೋಡೆ. ಮೊದಲನೆಯದು ಸರಿ ಇಲ್ಲ ಅಂದ್ರೆ ಉಳಿದದ್ದನ್ನು ನೋಡಲೇಬೇಡ, ಬೆಲೆ ಮೂರೂವರೆ ಲಕ್ಷ ಇರಲಿ, ಮೂವತ್ತೈದು ಸಾವಿರ ಇರಲಿ.

ಇನ್ನೊಂದನ್ನೂ ಹೇಳಿದೆ. ಪೌತಿ ಖಾತೆ, ಇ-ಸ್ವತ್ತು ಆದ ದಿನ ಆ ಮನೆಯ ಬೆಲೆ ಏರುತ್ತೆ. ಕಾಗದ ಇಲ್ಲದ ಬೆಲೆಗೆ ಬರೆಸಿಕೊಂಡು, ಕಾಗದ ಮಾಡಿಸಿಕೊಂಡು, ಹೆಚ್ಚಿಗೆ ಮಾರೋದೇ ಈ ಸೀಮೆಯ ಹಳೇ ವ್ಯಾಪಾರ. ಕಚೇರಿ ಅಲೆಯಲು ಪುರುಸೊತ್ತಿಲ್ಲದ ಕೂಲಿ ಕುಟುಂಬ ಕಳೆದುಕೊಳ್ಳುವ ದುಡ್ಡು, ಅಲೆಯಲು ಜನ ಇಟ್ಟುಕೊಂಡವನ ಲಾಭ. ಹಾಗಾಗಿ ಮಾಲೀಕರ ಕುಟುಂಬ ಖಾತೆ ಮಾಡಿಸಿಕೊಳ್ಳಲಿ, ಅಲೆದಾಟದಲ್ಲಿ ನೀನೂ ಕೈಜೋಡಿಸು, ಆಮೇಲೆ ಬೆಲೆ ಮಾತಾಡು, ಸ್ವಲ್ಪ ಹೆಚ್ಚಾದರೂ ಸರಿ. ಅವನು ಇನ್ನೂ ಒಂದು ರೂಪಾಯಿ ಮುಂಗಡ ಕೊಟ್ಟಿಲ್ಲ. ಮಾಲೀಕರ ಮನೆಯವರು ಪೌತಿ ಖಾತೆಗೆ ಕಾಗದ ಜೋಡಿಸ್ತಿದ್ದಾರೆ.

ಆದರೆ ಇದನ್ನು ಇಬ್ಬರ ನಡುವಿನ ವ್ಯಾಪಾರ ಅಂತ ಬಿಟ್ಟುಬಿಟ್ಟರೆ ರಾಜಕೀಯದ ಪ್ರಶ್ನೆ ತಪ್ಪಿಸಿಕೊಳ್ಳುತ್ತೆ. ಗ್ರಾಮಠಾಣದ ಮನೆಗಳನ್ನು ಡ್ರೋನ್‌ನಿಂದ ಅಳೆದು ಹಕ್ಕಿನ ದಾಖಲೆ ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್‌ನಲ್ಲಿ ಶುರುವಾಯ್ತು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಗೋಡೆಯ ಗಡಿ ಅಳೆಯುತ್ತೆ, ಗೋಡೆಯೊಳಗಿನ ಅಕ್ಕತಂಗಿಯರ ಪಾಲನ್ನು ಅಳೆಯಲ್ಲ. ಅದಕ್ಕೆ ಪಂಚಾಯಿತಿಯಲ್ಲಿ ಕೂತು ವಂಶವೃಕ್ಷ, ಪೌತಿ ಖಾತೆ, ಇ-ಸ್ವತ್ತನ್ನು ಒಟ್ಟಿಗೆ ಮುಗಿಸಿಕೊಡುವ ಜನ ಬೇಕು, ಊರಿಗೇ ಬರುವ ಶಿಬಿರಗಳು ಬೇಕು. ಹೊಸ ಮನೆಗೆ ಕೊಡುವ ಸಹಾಯಧನದಲ್ಲಿ ಒಂದು ಪಾಲು ಹಳೇ ಮನೆಯ ಚಾವಣಿ, ತಳಪಾಯದ ರಿಪೇರಿಗೆ ಸಿಗಬೇಕು. ಸಣ್ಣ ರಿಪೇರಿ ಸಾಲ ಕೊಡಲು ಸಹಕಾರ ಸಂಘಗಳಿಗೆ ದಾರಿ ಮಾಡಬೇಕು. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಚರಂಡಿ, ಹೈಮಾಸ್ಟ್ ದೀಪದ ಭರವಸೆ ಹೊತ್ತು ಮನೆ ಬಾಗಿಲಿಗೆ ಬರುವವರನ್ನು ಒಂದು ಪ್ರಶ್ನೆ ಕೇಳಿ: ನಮ್ಮ ಊರಲ್ಲಿ ಎಷ್ಟು ಮನೆ ಇನ್ನೂ ಸತ್ತವರ ಹೆಸರಲ್ಲಿವೆ, ಅವನ್ನು ಎಷ್ಟು ದಿನದಲ್ಲಿ ಬದುಕಿರೋರ ಹೆಸರಿಗೆ ಮಾಡಿಕೊಡ್ತೀರಿ?